ಹಂಡಿ ಕೊಟ್ಟಾಕಿ

ಕೊಟ್ಟೂರಿನ ನಮ್ಮ ಮನೆಗೆ ಹೊಸ್ತಿಲು ಒಂದೇ ಇದ್ದರೂ ರಾಜ್ಯಗಳು ಎರಡಿದ್ದವು. ಹೊಸ್ತಿಲಿನಿಂದ ಹೊರಗೆ, ಬೇವಿನ ಮರದ ಕೆಳಗಿನ ಅಂಗಳವೆಲ್ಲ ಅಪ್ಪನದು. ಬಿಚ್ಚಿಟ್ಟ ಗೇರ್‌ಬಾಕ್ಸುಗಳು, ಸೀಮೆಎಣ್ಣೆಯಲ್ಲಿ ನೆನೆಹಾಕಿದ ನಟ್ಟು ಬೋಲ್ಟುಗಳು, ಚಕ್ರವಿಲ್ಲದೆ ಕಲ್ಲುಗಳ ಮೇಲೆ ಕೂತ ಒಂದು ಜೀಪು, ಎಲ್ಲ ಅಲ್ಲಿ. ಹೊಸ್ತಿಲಿನಿಂದ ಒಳಗೆ ಪಡಸಾಲೆ, ಅಡಿಗೆಮನೆ, ಬಚ್ಚಲು, ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿಯವರೆಗೂ ಅವ್ವನದು. ಗಡಿಜಗಳ ಮಾತ್ರ ದಿನಾ ಇತ್ತು. ಅಪ್ಪ ಕಾರ್ಬೊರೇಟರ್ ಬಿಚ್ಚಿದರೆ ಅದರ ಸಣ್ಣಪುಟ್ಟ ಭಾಗಗಳನ್ನಿಡಲು ಅವ್ವನ ಮೊರವೇ ಬೇಕು. ಡೀಸೆಲ್ ಸೋಸಲು ಅವಳ ಹಿಟ್ಟಿನ ಜರಡಿಯೇ ಬೇಕು. ಎಷ್ಟೋ ಸಲ ಪುಂಡಿಪಲ್ಯದಲ್ಲಿ ಪೆಟ್ರೋಲಿನ ವಾಸನೆ ಬಂದು ನಾವು ಮುಖ ಮುಖ ನೋಡಿಕೊಂಡು ತಿಂದಿದ್ದೇವೆ. ಒಮ್ಮೆ ಸಾರಿನ ಸೌಟು ಮೂರು ದಿನ ಕಾಣೆಯಾಗಿ ಕೊನೆಗೆ ಗ್ರೀಸ್ ಡಬ್ಬಿಯಲ್ಲಿ ಸಿಕ್ಕಿತು. ಅವತ್ತು ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತು ಕಾನೂನು ಮಾಡಿದಳು.

“ಇವತ್ತಿಂದ ಕಬ್ಬಿಣ ಈ ಹೊಸ್ತಿಲ ದಾಟಿ ಒಳಗ ಬರಬಾರ್ದು. ನನ್ನ ತಾಮ್ರ ಈ ಹೊಸ್ತಿಲ ದಾಟಿ ಹೊರಗ ಹೋಗಬಾರ್ದು. ಹೋದ್ರ ನಾನೂ ಹೋಗ್ತೀನಿ.”

“ಎಲ್ಲಿಗೆ, ಹೊಳಲಿಗೇನು?” ಎಂದ ಅಪ್ಪ, ನಗುತ್ತ.

“ಹೊಳಲಿಗೆ. ನಮ್ಮವ್ವ ಇನ್ನಾ ಗಟ್ಟಿ ಅದಾಳ.”

ತಾಮ್ರವೆಂದರೆ ನಮ್ಮಲ್ಲಿ ಇದ್ದದ್ದು ಒಂದೇ ಸಾಮಾನು, ಬಚ್ಚಲ ಒಲೆಯ ಮೇಲಿನ ನೀರಿನ ಹಂಡೆ. ಹೊಳಲಿನ ನಮ್ಮ ಅಜ್ಜಿ, ಅಂದರೆ ಅವ್ವನ ತಾಯಿ ಪೀರಮ್ಮ, ಮಗಳ ಮದುವೆಯಲ್ಲಿ ಕೊಟ್ಟದ್ದು. ನಾವು ಪಿಂಜಾರರು, ಮನೆಯೊಳಗೂ ಹೊರಗೂ ಆಡುವುದು ಕನ್ನಡವೇ, ಹತ್ತಿ ಹಿಂಜಿ ಗಾದಿ ಹೊಲಿಯುವುದು ಹಿರಿಯರ ಕಸುಬು. ಗಂಡ ತೀರಿಕೊಂಡ ಮೇಲೆ ಅಜ್ಜಿ ತಾನೇ ಬಿಲ್ಲು ಹಿಡಿದು ಹತ್ತಿ ಹಿಂಜಿದಳಂತೆ. ಆ ದುಡಿಮೆಯ ಹಂಡೆ ಅದು. ಅದರ ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ‘ಪೀರಮ್ಮ, ಹೊಳಲು’ ಎಂದು ಕೆತ್ತಿಸಿದ್ದಳು. ಅವ್ವನಿಗೆ ಓದು ಬಾರದು. ಆದರೆ ಪ್ರತಿ ಶುಕ್ರವಾರ ಹುಣಸೆಹಣ್ಣು ಬೂದಿ ಹಾಕಿ ಹಂಡೆ ಬೆಳಗುವಾಗ ಅವಳ ಬೆರಳು ಆ ಚುಕ್ಕಿಗಳ ಮೇಲೆ ಹೋಗಿ ನಿಲ್ಲುತ್ತಿತ್ತು. ನಾನು ಶಾಲೆಗೆ ಸೇರಿ ಅಕ್ಷರ ಕಲಿತಾಗ ನನಗೆ ಮೊದಲ ಪರೀಕ್ಷೆ ಅಲ್ಲೇ ನಡೆಯಿತು. ಬೆರಳಿಟ್ಟು ತೋರಿಸಿ “ಇದು ಏನು, ಇದು ಏನು” ಎಂದು ಕೇಳಿದಳು. ನಾನು ಓದಿದೆ. ಅವಳು ಕಣ್ಣು ಒರೆಸಿಕೊಂಡು ನನ್ನ ಬೆನ್ನಿಗೆ ಬಿಸಿನೀರು ಹುಯ್ದಳು. ಒಲೆಗೆ ಹತ್ತಿಕಟ್ಟಿಗೆ, ಹಂಡೆಯಲ್ಲಿ ನೀರು, ಹೊಗೆಗೆ ಉರಿಯುವ ಕಣ್ಣು. ನನಗೆ ಈಗಲೂ ಮನೆ ಎಂದರೆ ಮೊದಲು ನೆನಪಾಗುವುದು ಆ ಬಚ್ಚಲು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಜ್ಜಿ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಅವ್ವ ಹಾಲು ಕುಡಿಯುವ ನನ್ನ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಹೊಳಲಿಗೆ ಹೊರಟಳು. ಹೊರಡುವ ಮುಂಚೆ ಸೊಂಟದ ದಾರದಿಂದ ಟ್ರಂಕಿನ ಕೀಲಿಕೈ ಬಿಚ್ಚಿ ನನ್ನ ಕೊರಳಿಗೆ ಹಾಕಿದಳು. ಅದು ಅವಳ ಮೈ ಬಿಟ್ಟು ಹೋದದ್ದನ್ನು ನಾನು ಅದೇ ಮೊದಲು ನೋಡಿದ್ದು.

“ಹೊನ್ನಿ, ಮನಿ ನಿನ್ನ ಕೈಯಾಗ ಐತಿ. ನಿಮ್ಮಪ್ಪನ ಕೈಯಾಗ ಅಲ್ಲ, ತಿಳೀತಾ? ಶುಕ್ರವಾರ ತಪ್ಪದ ಹಂಡಿ ಬೆಳಗು.”

ನನಗೆ ನೆಲ ಮೂರು ಗೇಣು ಕೆಳಗೆ ಹೋದಂತಾಯಿತು. ರೊಟ್ಟಿ ಬಡಿದೆ, ಅರ್ಧ ರೊಟ್ಟಿ ಸುಟ್ಟೆ, ಅಪ್ಪ ಸುಟ್ಟದ್ದನ್ನೇ ಚಂದ ಇದೆ ಎಂದು ತಿಂದ. ಹಂಡೆಯನ್ನು ಶುಕ್ರವಾರಕ್ಕೆ ಕಾಯದೆ ಮಂಗಳವಾರವೂ ಬೆಳಗಿದೆ. ಹನ್ನೊಂದು ವರ್ಷದ ಹುಡುಗಿಗೆ ಕೀಲಿಕೈ ಸಿಕ್ಕರೆ ತಲೆ ನಿಲ್ಲುತ್ತದೆಯೇ? ಓಣಿಯ ಗೆಳತಿಯರು ಕುಂಟಾಬಿಲ್ಲೆಗೆ ಕರೆದರೆ, ನನಗೆ ಮನೆ ಇದೆ, ಬರಲಾಗುವುದಿಲ್ಲ ಎಂದು ದೊಡ್ಡ ಹೆಂಗಸಿನಂತೆ ಹೇಳಿ ಕಳಿಸುತ್ತಿದ್ದೆ.

ಅಂಥ ಒಂದು ಬೆಳಿಗ್ಗೆ ನಮ್ಮ ಅಂಗಳಕ್ಕೆ ಆ ಕಾರು ಬಂತು. ಬಂತು ಎಂದರೆ, ಜೋಡೆತ್ತು ಎಳೆದುಕೊಂಡು ಬಂದವು. ಹರಪನಹಳ್ಳಿಯ ಹತ್ತಿ ವ್ಯಾಪಾರಿ ಚನ್ನವೀರಪ್ಪ ಸಾವ್ಕಾರರ ಕಾರು. ಅವರ ತಂದೆಯ ಕಾಲದಲ್ಲಿ ಊರು ಬಿಟ್ಟು ಹೊರಟ ಯಾವನೋ ಬಿಳಿ ಸಾಹೇಬನಿಂದ ಕೊಂಡದ್ದಂತೆ. ಎರಡೇ ಸೀಟು, ಮೇಲೆ ಮುಚ್ಚಳವಿಲ್ಲ, ಎಲೆಹಸಿರು ಬಣ್ಣ, ನೆಲಕ್ಕೆ ಅಂಟಿಕೊಂಡಂತೆ ತಗ್ಗು, ಮೂತಿಯ ಮೇಲೆ ಎದ್ದ ಎರಡು ದೀಪ. ಸೀಮೆಯ ಜನರೆಲ್ಲ ಅದನ್ನು ಕಪ್ಪಿ ಕಾರು ಎನ್ನುತ್ತಿದ್ದರು. ಒಂದು ಕಾಲದಲ್ಲಿ ಹರಪನಹಳ್ಳಿಯಿಂದ ಬಾಗಳಿಗೆ ಹಾರಿದಂತೆ ಹೋಗುತ್ತಿದ್ದ ಆ ಕಪ್ಪೆಗೆ ಈಗ ಉಸಿರಾಡಲು ಆಗುತ್ತಿರಲಿಲ್ಲ. ಚಾಲೂ ಮಾಡಿದರೆ ಹಿಂದಿನಿಂದ ಬಿಳಿ ಹೊಗೆ, ಎಂಜಿನ್ನಿನ ಎಣ್ಣೆ ಹಾಲು ಬೆರೆಸಿದ ಚಹಾದಂತೆ. ಸಾವ್ಕಾರರು ಬೇವಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು.

“ಖಾಸಿಂ, ಮಗನ ಲಗ್ನ ಇನ್ನ ಎಂಟು ದಿನ ಐತಿ ನೋಡಪ. ಮದುಮಗ ಇದರಾಗ ಮೆರವಣಿಗಿ ಹೋಗ್ಬೇಕಂತ ಅವರಜ್ಜಂದು ಆಸೆ ಇತ್ತು. ದಾವಣಗೇರ್ಯಾಗ ಕೈ ಮ್ಯಾಲೆತ್ತಿದ್ರು.”

“ಅವ್ರು ಎತ್ಲಿ ಬಿಡ್ರಿ. ನಾನು ಇಳಸ್ತೀನಿ,” ಎಂದ ಅಪ್ಪ.

ಅಪ್ಪನ ದೊಡ್ಡಸ್ತಿಕೆಯೆಲ್ಲ ಆ ಮಾತಿನಲ್ಲಿದೆ. ಕೆಲಸದಲ್ಲಿ ಅವನು ನಿಜಕ್ಕೂ ಗಟ್ಟಿಗ. ಅದನ್ನು ನಾನು ಇವತ್ತೂ ಅಲ್ಲಗಳೆಯುವುದಿಲ್ಲ. ಅವತ್ತೇ ನಟ್ಟುಗಳನ್ನು ಒಂದೊಂದಾಗಿ, ಅಂಚಿನಿಂದ ನಡುವಿಗೆ ಸಡಿಲಿಸಿ ಎಂಜಿನ್ನಿನ ತಲೆ ಎತ್ತಿ ಇಟ್ಟ. ತಲೆಗೂ ಮೈಗೂ ನಡುವೆ ರೊಟ್ಟಿಯಷ್ಟು ತೆಳ್ಳಗಿನ ಒಂದು ಹಾಳೆ ಇರುತ್ತದೆ. ಪುಸ್ತಕದಲ್ಲಿ ಗ್ಯಾಸ್ಕೆಟ್ ಎಂದು ಬರೆದಿರುವ ಅದನ್ನು ನಮ್ಮ ಅಂಗಳದಲ್ಲಿ ಪ್ಯಾಕಿಂಗ್ ಎನ್ನುತ್ತಿದ್ದೆವು. ಬೆಂಕಿ ಬೆಂಕಿಯ ಜಾಗದಲ್ಲಿ, ನೀರು ನೀರಿನ ಜಾಗದಲ್ಲಿ, ಎಣ್ಣೆ ಎಣ್ಣೆಯ ಜಾಗದಲ್ಲಿ ಇರುವಂತೆ ನೋಡಿಕೊಳ್ಳುವುದು ಅದರ ಕೆಲಸ. ಆ ಕಾರಿನ ಪ್ಯಾಕಿಂಗ್ ಅದರ ನಾಲ್ಕು ದೊಡ್ಡ ತೂತುಗಳಲ್ಲಿ ಎರಡನೇ ಮೂರನೇದರ ನಡುವೆ ಸುಟ್ಟು ಕರಕಲಾಗಿತ್ತು. ಹಳೆಯದು ಸುಟ್ಟರೆ ಹೊಸದು ಹಾಕಿದರಾಯಿತು. ಆದರೆ ಹೊಸದು ಎಲ್ಲಿಂದ ಬರಬೇಕು? ಆ ಕಾರು ಮಾಡಿದ ದೇಶದಲ್ಲೇ ಅದು ಸಿಗುತ್ತದೋ ಇಲ್ಲವೋ. ಅಪ್ಪ ದಪ್ಪ ಕಾಗದದ ಹಾಳೆ ಕತ್ತರಿಸಿ ಹಾಕಿ ನೋಡಿದ. ಕಾರು ಅಂಗಳ ದಾಟುವುದರೊಳಗೆ ಅದು ಸುಟ್ಟಿತು. ಎರಡು ದಿನ ಅವನು ರೊಟ್ಟಿ ಸುಟ್ಟಿದೆಯೋ ಬೆಂದಿದೆಯೋ ನೋಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಸ್ನಾನಕ್ಕೆ ಹೋದವನು ಬಹಳ ಹೊತ್ತಾದರೂ ಬಚ್ಚಲಿನಿಂದ ಹೊರಗೆ ಬರಲಿಲ್ಲ. ನೀರು ಹುಯ್ದುಕೊಳ್ಳುವ ಸದ್ದೂ ಇರಲಿಲ್ಲ. ಆಮೇಲೆ ಒಳಗಿನಿಂದ, ಬೆರಳಿನಿಂದ ಲೋಹ ತಟ್ಟುವ ಸದ್ದು ಕೇಳಿಸಿತು.

ಒದ್ದೆ ತಲೆಯಲ್ಲೇ ಬಂದು ಹೊಸ್ತಿಲ ಮೇಲೆ ಕೂತು ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡ.

“ಹೊನ್ನಿ, ಮನಿ ಯಜಮಾನಿ ಈಗ ನೀನು. ಒಂದು ಮಾತು ಕೇಳ್ತೀನಿ. ಹಂಡಿ ಕೊಡ್ತೀಯಾ?”

“ಯಾಕ?”

“ತಾಮ್ರ ಮೆತ್ತಗಿರ್ತೈತಿ. ಕಾಸಿ ಬಡದ್ರ ತಲಿಗೂ ಮೈಗೂ ನಡುವ ಮಾತು ಕೇಳಿ ಕುಂದ್ರತೈತಿ. ಅಷ್ಟು ದಪ್ಪನ್ದು ಈ ಊರಾಗ ಎಲ್ಲೂ ಸಿಗಲ್ಲ. ನೀ ಹ್ಞೂ ಅಂದ್ರ ಮಾತ್ರ ಮುಟ್ತೀನಿ. ಇಲ್ಲಂದ್ರ ಇಲ್ಲ.”

“ಅವ್ವ ಬೈತಾಳ.”

“ಅವ್ವ ಬರೋದ್ರೊಳಗ ಹೊಸಾದು ಬಂದು ಒಲಿ ಮ್ಯಾಲೆ ಕುಂತಿರ್ತೈತಿ. ಇದಕ್ಕಿಂತ ದೊಡ್ಡದು. ಹೆಸರೂ ಕೆತ್ತಸ್ತೀನಿ. ಮತ್ತ ಕಾರು ಚಾಲೂ ಆತಂದ್ರ ಮೊದಲ ಸವಾರಿ ನಿಂದ.”

ನಾನು ಬಹಳ ಯೋಚಿಸಿದವಳಂತೆ ಮುಖ ಮಾಡಿದೆ. ಒಳಗೊಳಗೆ ಹಿಗ್ಗಿ ಹೀರೇಕಾಯಿಯಾಗಿದ್ದೆ. ಅಲ್ಲಿಯವರೆಗೆ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ನೀರು ತಾ ಎಂದರೆ ತರಬೇಕು, ಕೂಡು ಎಂದರೆ ಕೂಡಬೇಕು. ದೊಡ್ಡವರು ಸಣ್ಣವರ ಒಪ್ಪಿಗೆಯನ್ನು ಅಷ್ಟು ನಯವಾಗಿ ಕೇಳುವುದು ಯಾವಾಗ, ಯಾಕೆ ಎಂದು ತಿಳಿಯುವಷ್ಟು ಬುದ್ಧಿ ನನಗಿರಲಿಲ್ಲ. ಅಜ್ಜಿಯ ಹೆಸರಿರುವ ತುಂಡು ಮಾತ್ರ ನನಗೆ ಕೊಡಬೇಕು ಎಂದೆ. ಕೊಡುತ್ತೇನೆ ಎಂದ. ಹ್ಞೂ ಎಂದೆ.

ಹಂಡೆಯನ್ನು ನಾವಿಬ್ಬರೂ ಸೇರಿ ಹೊಸ್ತಿಲು ದಾಟಿಸಿದೆವು. ಒಂದು ಬದಿಯ ಬಳೆ ಅವನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಉಳಿಯಿಟ್ಟು ಹೊಡೆದು ಅದರ ಹೊಟ್ಟೆ ಸೀಳಿದಾಗ ಬಂದ ಸದ್ದಿಗೆ ನಾನು ಕಿವಿ ಮುಚ್ಚಿಕೊಂಡೆ. ತಾಮ್ರವನ್ನು ಇದ್ದಿಲ ಬೆಂಕಿಯಲ್ಲಿ ಕೆಂಪಗೆ ಕಾಸಿ, ನೀರಿಗೆ ಅದ್ದಿ, ಕಡಪಾ ಕಲ್ಲಿನ ಮೇಲೆ ಮರದ ಕೊಡತಿಯಿಂದ ಬಡಿದ. ಮತ್ತೆ ಕಾಸಿದ, ಮತ್ತೆ ಬಡಿದ. ಅಂಗಳದಲ್ಲಿ ದಿನಾ ಇರುವ ಬಡಿತವೇ ಎಂದು ಓಣಿಯವರು ಯಾರೂ ಇಣುಕಲಿಲ್ಲ. ಸಂಜೆಯ ಹೊತ್ತಿಗೆ ಹಂಡೆ ಹಾಳೆಯಾಗಿ ಮಲಗಿತ್ತು. ಸುಟ್ಟ ಪ್ಯಾಕಿಂಗನ್ನು ಅದರ ಮೇಲಿಟ್ಟು ಗುರುತು ಮಾಡಿದ. ಹೆಸರು ಬದಿಗೆ ಉಳಿಯುವಂತೆ ಆ ಕಡೆ ಈ ಕಡೆ ತಿರುಗಿಸಿದ, ತಾಮ್ರ ಸಾಲಲಿಲ್ಲ. ಕೊನೆಗೆ ಹೆಸರು ಸರಿಯಾಗಿ ನಾಲ್ಕನೇ ದೊಡ್ಡ ತೂತಿನೊಳಗೆ ಬರುವಂತೆ ಇಟ್ಟ. ತೂತು ಕೊರೆದಾಗ ಹೆಸರು ದುಂಡಗೆ, ಅಂಗೈ ಅಗಲದ ಬಿಲ್ಲೆಯಾಗಿ ಹೊರಗೆ ಬಿತ್ತು. ಅರ ಹಾಕಿ ಅಂಚು ಉಜ್ಜಿ ನನ್ನ ಕೈಗಿಟ್ಟ. ಆಡಿದಂತೆ ಮಾಡಿದ್ದಾನೆ ಎಂದು ನನಗೆ ಅವನ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಆ ಗಳಿಗೆಯನ್ನು ನೆನೆದರೆ ಇವತ್ತೂ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ. ಬಿಲ್ಲೆಯನ್ನು ಪಡಸಾಲೆಯ ಗೂಡಿನಲ್ಲಿ ಚಿಮಣಿ ದೀಪದ ಹಿಂದೆ ಇಟ್ಟೆ.

ತಾಮ್ರದ ಎರಡೂ ಮುಖಕ್ಕೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು ಬಳಿದು, ತಲೆ ಕೂಡಿಸಿ, ನಟ್ಟುಗಳನ್ನು ನಡುವಿನಿಂದ ಅಂಚಿಗೆ ಬಿಗಿದ. ಎಂಜಿನ್ ಬಿಸಿಯಾದ ಮೇಲೆ ಇನ್ನೊಮ್ಮೆ ಬಿಗಿದ. ಬಿಳಿ ಹೊಗೆ ನಿಂತಿತು. ಎಣ್ಣೆ ಎಣ್ಣೆಯಾಗಿಯೇ ಉಳಿಯಿತು. ಓಣಿಯ ಜನ ನೋಡುತ್ತಿದ್ದಂತೆ ನನ್ನನ್ನು ಪಕ್ಕದ ಸೀಟಿನಲ್ಲಿ ಕೂಡಿಸಿಕೊಂಡು ಹರಪನಹಳ್ಳಿ ರಸ್ತೆಯಲ್ಲಿ ಬಿಟ್ಟ. ಆ ಸವಾರಿಯನ್ನು ಸುಳ್ಳು ಎಂದು ನಾನು ಹೇಳಲಾರೆ. ರಸ್ತೆ ಕುಂಡಿಯ ಕೆಳಗೇ ಓಡುತ್ತಿತ್ತು, ಗಾಳಿಗೆ ಜಡೆ ಬಿಚ್ಚಿಹೋಗಿತ್ತು, ಶೇಂಗಾ ಹೊಲದ ಹೆಂಗಸರು ಸೊಂಟ ನೇರ ಮಾಡಿ ನಿಂತು ನೋಡಿದರು. ಅಪ್ಪ ಏನೋ ಕೂಗಿ ಹೇಳಿ ನಕ್ಕ, ಗಾಳಿಯಲ್ಲಿ ಕೇಳಿಸಲಿಲ್ಲ, ನಾನೂ ನಕ್ಕೆ. ಅಷ್ಟು ಸಂತೋಷವಾಗಿ ಅವನ ಜೊತೆ ನಾನು ಮತ್ತೆಂದೂ ಕೂತಿಲ್ಲ.

ಮದುವೆಗೆ ಕಾರು ಒಯ್ದವನು ಮರುದಿನ ಬಸ್ಸಿನಲ್ಲಿ ವಾಪಸು ಬಂದ. ಹೆಗಲ ಮೇಲೆ ಸಾವ್ಕಾರರು ಎಲ್ಲರೆದುರು ಹೊದಿಸಿದ ಹಸಿರಂಚಿನ ಶಾಲು. ಕೈಯಲ್ಲಿ ಗೋಣಿಚೀಲ. ಅದರೊಳಗೆ ಸ್ಟೀಲಿನ ಬಕೆಟ್ಟು, ಎರಡು ಸ್ಟೀಲ್ ತಟ್ಟೆ, ಬಿಗಿ ಮುಚ್ಚಳದ ಒಂದು ಡಬ್ಬಿ. ಬಚ್ಚಲ ಒಲೆಗೆ ಒಂದು ಅಲ್ಯೂಮಿನಿಯಂ ಪಾತ್ರೆ.

“ತಗೊ, ನಿನಗ. ಮನಿ ಯಜಮಾನಿಗೆ,” ಎಂದ.

ಹೊಸ ಹಂಡೆ ಎಲ್ಲಿ ಎಂದು ಕೇಳಿದೆ. ತಾಮ್ರದವನು ಮುಂದಿನ ವಾರ ಬಾ ಎಂದಿದ್ದಾನೆ ಎಂದ. ನಾನು ನಂಬಿ ಡಬ್ಬಿಯಲ್ಲಿ ಮುಖ ನೋಡಿಕೊಳ್ಳುತ್ತ ಕೂತೆ. ಆ ವರ್ಷಗಳಲ್ಲಿ ಸ್ಟೀಲಿನ ಹುಚ್ಚು ನಮ್ಮ ಸೀಮೆಗೆಲ್ಲ ಹಿಡಿದಿತ್ತು. ಪಾತ್ರೆಯವನು ಸೈಕಲ್ಲಿನ ಮೇಲೆ ಸ್ಟೀಲ್ ಹೇರಿಕೊಂಡು ಬರುತ್ತಿದ್ದ. ಹಳೆಯ ತಾಮ್ರ ಹಿತ್ತಾಳೆ ಕೊಟ್ಟರೆ ಮಿರಮಿರ ಮಿಂಚುವ ಸ್ಟೀಲ್ ಕೊಡುತ್ತಿದ್ದ. ಕೂಡ್ಲಿಗಿಯ ನಮ್ಮ ಸೋದರತ್ತೆ ತನ್ನ ಅತ್ತೆಯ ಹಿತ್ತಾಳೆ ಕೊಡಪಾನವನ್ನು ಆ ಅತ್ತೆ ಸಂತೆಗೆ ಹೋದಾಗ ಕೊಟ್ಟು ಟಿಫಿನ್ ಕ್ಯಾರಿಯರ್ ಮಾಡಿಕೊಂಡಿದ್ದಳು. ಮನೆಯಲ್ಲಿ ಯಾರೂ ಇಲ್ಲದಾಗ ಹೆಣ್ಣುಮಕ್ಕಳು ಮಾಡುವ ದಡ್ಡತನ ಅದು ಎಂದು ಎಲ್ಲರಿಗೂ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು.

ಮುಂದಿನ ವಾರಕ್ಕೆ ಹಂಡೆ ಬರಲಿಲ್ಲ, ಅಜ್ಜಿ ಸತ್ತ ಸುದ್ದಿ ಬಂತು. ಹಡಗಲಿಯಲ್ಲಿ ಬಸ್ಸು ಬದಲಿಸಿ ಹೊಳಲಿಗೆ ಹೋದೆವು. ಮಣ್ಣು ಮುಗಿದ ಮೇಲೆ ಅವ್ವ ಅತ್ತು ಅತ್ತು ಸುಸ್ತಾಗಿ ನನ್ನನ್ನು ತಬ್ಬಿಕೊಂಡು ಗೋಡೆಗೆ ಒರಗಿದಳು.

“ಮನೀನ ನಿಮ್ಮ ಮಾವಗೋಳು ಹಂಚ್ಕೊಂತಾರ. ನನಗ ಅವ್ವನ್ದು ಅಂತ ಉಳಿದಿದ್ದು ಆ ಹಂಡಿ ಒಂದ ನೋಡು. ಛಲೋತ್ನಂಗ ಇಟ್ಟೀಯಿಲ್ಲ?”

ಅಪ್ಪ ಬಾಗಿಲಲ್ಲಿ ನಿಂತಿದ್ದ. ನಾನು ಅವನ ಕಡೆ ನೋಡಿದೆ. ಅವನು ಅಂಗಳದಲ್ಲಿದ್ದ ಕೋಳಿಗಳ ಕಡೆ ನೋಡಿದ. ನಾನು “ಹ್ಞೂ” ಎಂದೆ. ಅದು ನನ್ನ ಎರಡನೆಯ ಹ್ಞೂ. ವಾಪಸು ಬರುವಾಗ ಬಸ್ಸಿನಲ್ಲಿ, ಹೊಸ ಹಂಡೆ ಯಾವಾಗ ತರುತ್ತಿ ಎಂದು ಮತ್ತೆ ಕೇಳಿದೆ. ನೋಡೋಣ ಎಂದ. ಅವನ ತೊಡೆಯ ಮೇಲೆ ಹೊಸ ಸ್ಪ್ಯಾನರ್ ಸೆಟ್ಟಿನ ಪೆಟ್ಟಿಗೆ ಇತ್ತು. ಹಡಗಲಿಯಲ್ಲಿ ಬಸ್ಸಿಗೆ ಕಾಯುವಾಗ ಕೊಂಡದ್ದು.

ನಲವತ್ತು ದಿನದ ಶಾಸ್ತ್ರ ಮುಗಿಸಿ ಅವ್ವ ಮನೆಗೆ ಬಂದಳು. ತಮ್ಮನನ್ನು ಇಳಿಸಿ, ಚಪ್ಪಲಿ ಬಿಟ್ಟು, ತಲೆಗೆ ನೀರು ಹಾಕಿಕೊಳ್ಳಬೇಕು ಎನ್ನುತ್ತ ನೇರ ಬಚ್ಚಲಿಗೆ ಹೋದಳು. ನಾನು ಪಡಸಾಲೆಯಲ್ಲಿದ್ದೆ, ಅಪ್ಪ ಹೊಸ್ತಿಲ ಮೇಲೆ ಮಂಡಕ್ಕಿ ತಿನ್ನುತ್ತ ಕೂತಿದ್ದ. ಬಚ್ಚಲಿನಿಂದ ಏನೂ ಸದ್ದಿಲ್ಲ. ಆಮೇಲೆ ಅವಳು ಬಂದು ಇಬ್ಬರ ನಡುವೆ ನಿಂತಳು.

“ಹಂಡಿ ಎಲ್ಲಿ?”

ನಾನು ಅಪ್ಪನ ಬಾಯಿ ನೋಡಿದೆ. ಅವನು ಹೇಳುತ್ತಾನೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಎಷ್ಟು ಬೈಸಿಕೊಳ್ಳುತ್ತಾನೋ ಪಾಪ ಎಂದು ಅವನಿಗಾಗಿಯೇ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅವನು ಮಂಡಕ್ಕಿ ನುಂಗಿ, ಮೆಣಸಿನಕಾಯಿಯ ತೊಟ್ಟು ಅಂಗಳಕ್ಕೆ ಎಸೆದ.

“ನಾ ಹರಪನಹಳ್ಳಿಗೆ ಹೋದಾಗ ಪಾತ್ರಿಯವ ಬಂದಿದ್ನಂತ. ಇಕಿ ಹಂಡಿ ಕೊಟ್ಟು ಸ್ಟೀಲ್ ಇಸ್ಕೊಂಡಾಳ. ಸಣ್ಣಾಕಿ, ತಿಳೀಲಿಲ್ಲ. ಬೈಬ್ಯಾಡ.”

ಆ ‘ಬೈಬ್ಯಾಡ’ ಇದೆಯಲ್ಲ, ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕದ್ದವನು ಬೇರೆಯವರಿಗೆ ಕಳ್ಳತನ ಹೊರಿಸುವುದು ಲೋಕದಲ್ಲಿ ಇದ್ದದ್ದೇ. ಹೊರಿಸಿದ ಮೇಲೆ ಕನಿಕರವನ್ನೂ ತಾನೇ ತೋರಿಸುವುದು ನಮ್ಮಪ್ಪನಿಗೇ ಸಲ್ಲಬೇಕು. ಅವ್ವ ಗೋಡೆಯ ಪಕ್ಕದಲ್ಲಿದ್ದ ಬಕೆಟ್ಟು, ತಟ್ಟೆ, ಡಬ್ಬಿಗಳನ್ನು ಒಂದೊಂದಾಗಿ ನೋಡಿದಳು. ಆಗ ನನಗೆ ಗೊತ್ತಾಯಿತು, ಅವು ನನಗೆ ಕೊಟ್ಟ ಉಡುಗೊರೆಗಳಲ್ಲ, ನನ್ನ ಮೇಲಿನ ಸಾಕ್ಷಿಗಳು. ಗೋಣಿಚೀಲದಲ್ಲಿ ಅವನ್ನು ಹೊತ್ತು ತಂದ ದಿನವೇ ಅಪ್ಪ ಈ ಮಾತನ್ನು ಹೊಂದಿಸಿಟ್ಟಿದ್ದ. ಅವ್ವ ನನ್ನನ್ನು ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಅಳುತ್ತ ಎಲ್ಲ ಹೇಳಿಬಿಡುತ್ತಿದ್ದೆನೇನೋ. ಅವಳು ಕೈ ಚಾಚಿದಳು ಅಷ್ಟೆ.

“ಕೀಲಿಕೈ ಬಿಚ್ಚು.”

ಬಿಚ್ಚಿ ಕೊಟ್ಟೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬಂತೆ, ಅವತ್ತಿನಿಂದ ಅವಳು ಹಾಲಿನ ಚೊಂಬಿನಿಂದ ಹಿಡಿದು ಬೆಲ್ಲದ ಡಬ್ಬಿಯವರೆಗೆ ಎಲ್ಲಕ್ಕೂ ಬೀಗ ಹಾಕಿದಳು. ನನ್ನ ಹತ್ತಿರ ಒಂದು ಸಾಕ್ಷಿ ಉಳಿದಿತ್ತು, ಗೂಡಿನಲ್ಲಿಟ್ಟ ಬಿಲ್ಲೆ. ನಾಳೆ ಅಪ್ಪ ಹೊರಗೆ ಹೋದಾಗ ಅದನ್ನು ಅವ್ವನ ಕೈಗಿಟ್ಟು ಎಲ್ಲ ಹೇಳಬೇಕು ಎಂದು ನಿಶ್ಚಯ ಮಾಡಿದೆ. ಮರುದಿನ ಧೈರ್ಯವಾಗಲಿಲ್ಲ. ಅದರ ಮರುದಿನ ದೀಪದ ಹಿಂದೆ ಕೈ ಹಾಕಿದರೆ ಬಿಲ್ಲೆ ಇರಲಿಲ್ಲ. ಗೂಡೆಲ್ಲ ತಡಕಿದೆ, ಕೆಳಗೆ ನೆಲವೆಲ್ಲ ಹುಡುಕಿದೆ. ಅಪ್ಪನೇ ತೆಗೆದಿದ್ದಾನೆ, ಅವನಲ್ಲದೆ ಅದು ಬೇರೆ ಯಾರಿಗೂ ಬೇಕಾಗಿಲ್ಲ ಎಂದು ತಿಳಿದೆ. ಅಲ್ಲಿಗೆ ನನ್ನ ಬಾಯಿ ಮುಚ್ಚಿತು. ಬರಿಗೈಯಲ್ಲಿ ಅಪ್ಪನ ವಿರುದ್ಧ ಹೇಳಿದರೆ ಯಾರು ನಂಬುತ್ತಾರೆ?

ಅಪ್ಪನ ಹೆಸರು ಅರಸೀಕೆರೆಯಿಂದ ಹಡಗಲಿಯವರೆಗೆ ಹಬ್ಬಿತು. ತಾಮ್ರದ ಹಾಳೆ ದಾವಣಗೆರೆಯಿಂದ ತರಿಸಿದೆ ಎಂದು ಚಹಾದಂಗಡಿಯಲ್ಲಿ ಹೇಳಿಕೊಂಡ. ನನ್ನ ಹೆಸರೂ ಹಬ್ಬಿತು. ಹಂಡಿ ಕೊಟ್ಟಾಕಿ. ಬಂಧುಬಳಗದಲ್ಲಿ ಯಾವ ಮದುವೆ, ಯಾವ ಮೊಹರಂ ಆಗಲಿ, ಚೋಂಗೆಯ ಸಿಹಿರೊಟ್ಟಿ ಮುರಿಯುತ್ತ ಕೂತ ಹೆಂಗಸರಲ್ಲಿ ಒಬ್ಬರಾದರೂ, “ಪಾತ್ರಿಯವ ಬಂದಾನಂತ, ಹೊನ್ನಿನ್ನ ಒಳಗ ಕೂಡಿಹಾಕ್ರಿ” ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅವ್ವನೂ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಅಪ್ಪ ಮಾತ್ರ ಅಂಥ ಹೊತ್ತಿನಲ್ಲಿ ಬೀಡಿಗೆ ಬೆಂಕಿ ಬೇಕೆಂದು ಎದ್ದು ಹೋಗುತ್ತಿದ್ದ. ನನ್ನನ್ನು ಹಗರಿಬೊಮ್ಮನಹಳ್ಳಿಗೆ ಮದುವೆ ಮಾಡಿ ಕೊಟ್ಟಾಗ ಪಾತ್ರೆಪಡಗವೆಲ್ಲ ಸ್ಟೀಲಿನವೇ ಬಂದವು. ಇವಳಿಗೆ ತಾಮ್ರ ಕೊಟ್ಟರೆ ಯಾರಿಗೆ ಕೊಡುತ್ತಾಳೋ ಎಂದು ಅವ್ವ ಬೀಗರ ಮುಂದೆಯೇ ಹೇಳಿದಳು. ನನ್ನ ಅತ್ತೆಗೆ ಆ ಕಥೆ ಹೊಸ್ತಿಲಲ್ಲೇ ಗೊತ್ತಾಯಿತು.

ನಾನು ಮುಂದೆ ಓದಿ ಶಾಲೆಯ ಮಾಸ್ತರಿಣಿಯಾದೆ. ಸ್ಟೋರ್‌ರೂಮಿನ ಜವಾಬ್ದಾರಿ ತೆಗೆದುಕೊಳ್ಳಿ ಎಂದು ಮೂರು ಜನ ಹೆಡ್ಮಾಸ್ತರರು ಕೇಳಿದರು, ಮೂವರಿಗೂ ಒಲ್ಲೆ ಎಂದೆ. ನನ್ನನ್ನು ಅನುಮಾನದವಳು, ಗಂಟುಮೋರೆಯವಳು ಎನ್ನುತ್ತಾರೆ. ಇರಬಹುದು. ಯಾರಾದರೂ ನಯವಾಗಿ ‘ನೀವು ಹ್ಞೂ ಅಂದರೆ ಮಾತ್ರ’ ಎಂದು ಮಾತು ಶುರು ಮಾಡಿದರೆ ನಾನು ಎದ್ದು ಹೋಗುತ್ತೇನೆ. ಅಪ್ಪ ಹಾಸಿಗೆ ಹಿಡಿದಾಗ ರಜೆ ಹಾಕಿ ಹೋಗಿ ಹದಿನೈದು ದಿನ ಪಕ್ಕದಲ್ಲಿ ಕೂತೆ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದೆ. ಒಂದು ಮಧ್ಯಾಹ್ನ ಕಣ್ಣು ಬಿಟ್ಟು ನನ್ನ ಕೈ ಹಿಡಿದ.

“ಹೊನ್ನಿ, ಕಪ್ಪಿ ಕಾರು ನೆನಪೈತಾ? ಏನ್ ಓಡ್ತಲೇ ಅದು.”

ಅವನಿಗೆ ನೆನಪಿದ್ದದ್ದು ಅಷ್ಟೆ. ಅಥವಾ ಅಷ್ಟನ್ನೇ ನೆನಪಿಟ್ಟುಕೊಂಡಿದ್ದ. ಹ್ಞೂ ಎಂದು ಗಂಜಿ ಕುಡಿಸಿದೆ.

ಅವನು ಹೋದ ಮೇಲೆ ಅವ್ವ ನನ್ನ ಜೊತೆಯಲ್ಲೇ ಇರಲು ಬಂದಳು. ಅವಳ ಟ್ರಂಕೂ ಬಂತು, ಕೀಲಿಕೈ ಸೊಂಟದಲ್ಲೇ ಉಳಿಯಿತು. ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಕಿಟಕಿಯ ಬಿಸಿಲಿಗೆ ಕೂತವಳು ನಡುಗುತ್ತ, ಸಾವ್ಕಾರರ ಶಾಲು ತಾ ಎಂದಳು. ಕೀಲಿಕೈಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. ಹನ್ನೊಂದನೇ ವರ್ಷದಲ್ಲಿ ಕಸಿದುಕೊಂಡದ್ದನ್ನು ಮೊಮ್ಮಕ್ಕಳ ಅಜ್ಜಿಯಾದ ಮೇಲೆ ನನಗೆ ವಾಪಸು ಕೊಟ್ಟಂತಾಯಿತು. ಹೋಗಿ ಬೀಗ ತೆಗೆದೆ. ಟ್ರಂಕಿನ ತಳದಲ್ಲಿ ಹಸಿರಂಚಿನ ಶಾಲು. ಅದರ ಮಡಿಕೆಯಲ್ಲಿ ಅವಳ ಹಳೆಯ ಎಲೆಅಡಿಕೆಯ ಚೀಲ. ಭಾರವಾಗಿತ್ತು. ಬಿಚ್ಚಿದರೆ ದುಂಡನೆಯ ತಾಮ್ರದ ಬಿಲ್ಲೆ. ಚುಕ್ಕಿ ಚುಕ್ಕಿಯಾಗಿ ಪೀರಮ್ಮ, ಹೊಳಲು. ಅಂಚಿನಲ್ಲಿ ಅಪ್ಪನ ಅರದ ಗೆರೆಗಳು ಹಾಗೇ ಇದ್ದವು. ನಡುವೆ ಮಾತ್ರ ಉಜ್ಜಿ ಉಜ್ಜಿ ನುಣ್ಣಗಾಗಿತ್ತು.

ಅದನ್ನೂ ಶಾಲನ್ನೂ ಹಿಡಿದುಕೊಂಡು ಹೋಗಿ ಅವಳ ಮುಂದೆ ಕೂತೆ.

“ಇದು ನಿನ್ನ ಹತ್ರ ಹೆಂಗ ಬಂತು?”

ಅವಳು ಬಿಲ್ಲೆ ನೋಡಿದಳು, ನನ್ನನ್ನು ನೋಡಿದಳು. ಗಾಬರಿಯಾಗಲಿಲ್ಲ.

“ಗೂಡಿನಾಗ ಇತ್ತು. ಹೊಳಲಿಂದ ಬಂದ ಮರುದಿನ ದೀಪ ಒರಸಾಕ ತಗದೆ. ಸಿಕ್ತು.”

“ಅಂದ್ರ ನಿನಗ ಅವತ್ತ ಗೊತ್ತಾತು.”

“ಪಾತ್ರಿಯವ ಹಂಡಿ ಒಯ್ದ್ರ ಇಡೀದು ಒಯ್ತಾನ. ಹೆಸರು ದುಂಡಗ ಕತ್ತರಿಸಿ ಇಟ್ಟು ಹೋಗ್ತಾನೇನು? ನಿಮ್ಮಪ್ಪನ ಅರದ ಗುರುತು ನನಗ ತಿಳಿಯಲ್ಲೇನು?”

“ಮತ್ತ ಯಾಕ ಸುಮ್ಮನಿದ್ದಿ?”

ಅವ್ವ ಸೆರಗು ಎಳೆದು ಹೆಗಲಿಗೆ ಸುತ್ತಿಕೊಂಡಳು.

“ಹಂಡಿ ಹೋದ್ರ ನಾನೂ ಹೋಗ್ತೀನಿ ಅಂತ ಹೊಸ್ತಿಲದಾಗ ನಿಂತು ಅಂದಿದ್ದೆ. ನಿಮ್ಮಪ್ಪ ಕತ್ತರಿಸ್ಯಾನ ಅಂತ ಒಪ್ಕೊಂಡಿದ್ರ ಹೋಗ್ಬೇಕಾಗಿತ್ತು. ಎಲ್ಲಿಗೆ ಹೋಗ್ಲಿ? ಅವ್ವ ಸತ್ತಿದ್ಲು. ಹೊಳಲಾಗ ನನಗ ಬಾಗ್ಲಾ ತೆಗಿಯೋರು ಯಾರಿದ್ರು? ನೀ ಕೊಟ್ಟಿ ಅಂದ್ರ ಯಾರೂ ಎಲ್ಲಿಗೂ ಹೋಗೋದು ಬ್ಯಾಡಾಗಿತ್ತು.”

“ಮತ್ತ ನಾನು?”

“ನೀ ಮಗಳು. ಸಣ್ಣಾಕಿ. ತಡಕೊಂತಿ ಅಂದ್ಕೊಂಡೆ.”

“ಎಲ್ಲಾರೂ ಹಂಡಿ ಕೊಟ್ಟಾಕಿ ಅಂದಾಗ ನೀನೂ ನಗ್ತಿದ್ದಿ.”

“ನಗ್ತಿದ್ದೆ,” ಎಂದಳು ಅವ್ವ. “ನಗಲಿಲ್ಲಂದ್ರ ನನಗ ಗೊತ್ತೈತಿ ಅಂತ ನಿಮ್ಮಪ್ಪಗ ತಿಳೀತಿತ್ತು.”

ಅಪ್ಪ ಒಂದು ಸಂಜೆ, ಒಂದು ಮಾತಿನಲ್ಲಿ ನನ್ನನ್ನು ಮಾರಿದ್ದ. ಅವ್ವ ದಿನಾ ಮಾರಿದ್ದಳು, ಬಿಲ್ಲೆಯನ್ನು ಟ್ರಂಕಿನಲ್ಲಿಟ್ಟುಕೊಂಡು, ಅದರ ಕೀಲಿಕೈಯನ್ನು ಸೊಂಟದಲ್ಲಿಟ್ಟುಕೊಂಡು, ನನ್ನ ತಲೆ ಬಾಚುತ್ತ, ನನ್ನ ಬಾಣಂತನ ಮಾಡುತ್ತ. ನನಗೆ ಅಳು ಬರಲಿಲ್ಲ. ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಅವಳು ಕೈ ಚಾಚಿದಳು. ಅವತ್ತು ಕೀಲಿಕೈಗೆ ಚಾಚಿದ ಹಾಗೆಯೇ.

“ಕೊಡಿಲ್ಲಿ. ನಮ್ಮವ್ವನ್ದು ಅದು.”

“ಇಲ್ಲ. ನನಗ ಕೊಟ್ಟಿದ್ದು ಇದು.”

ಚಾಚಿದ ಕೈ ಹಾಗೇ ಇತ್ತು. ಶಾಲಿನ ಮಡಿಕೆ ಬಿಚ್ಚಿ ಅವಳ ಹೆಗಲಿಗೆ ಹೊದಿಸಿದೆ, ಆ ಕೈಯನ್ನೂ ಒಳಗೆ ಸೇರಿಸಿ ಮುಚ್ಚಿದೆ. ಬಿಲ್ಲೆ ಕೊಡಲಿಲ್ಲ.